ನರ ಅಂದರೆ ಯಾವ ನರ

ಹೋದ ವಾರ ನಮ್ಮ ಅಂಗಡಿ ಪಕ್ಕದ ಮಳಿಗೆಗೆ ಒಂದು ಬ್ಯೂಟಿ ಪಾರ್ಲರ್ ಬಂತು. ಬೇಲೂರಲ್ಲಿ ನಮ್ಮದು ಪಾತ್ರೆ ಅಂಗಡಿ, ದೇವಸ್ಥಾನಕ್ಕೆ ಹೋಗೋ ರಸ್ತೆಯಲ್ಲಿ. ಪಾರ್ಲರಿನವಳು ಒಳ್ಳೇ ಮಾತಿನ ಹೆಂಗಸು, ಬಂದ ದಿನವೇ ಲಾಡು ಕೊಟ್ಟು ಪರಿಚಯ ಮಾಡಿಕೊಂಡಳು. ಮಾರನೇ ದಿನ ಮಧ್ಯಾಹ್ನ ಗೋಡೆಯಾಚೆಯಿಂದ ಕೂದಲು ಸುಟ್ಟ ವಾಸನೆ ಬಂತು. ಏನಮ್ಮಾ ಇದು ಅಂತ ಹೋಗಿ ಕೇಳಿದೆ. "ಲೇಸರ್ ಆಂಟಿ, ಮುಖದ ಕೂದಲು ತೆಗೆಯೋಕೆ. ಬರೀ ಬೆಳಕು ಅಷ್ಟೇ, ಏನೂ ಆಗಲ್ಲ" ಅಂದಳು. ಅವಳು ಬಾಯಿ ಮುಚ್ಚೋ ಹೊತ್ತಿಗೆ ನಾನು ಅಂಗಡಿ ಹಿಂದಿನ ಚರಂಡಿಗೆ ಓಡಿ ವಾಂತಿ ಮಾಡಿಕೊಂಡೆ.

ಯಜಮಾನರು ಚೊಂಬಲ್ಲಿ ನೀರು ತಂದುಕೊಟ್ಟು "ಏನೇ, ಬೆಳಿಗ್ಗೆ ಏನು ತಿಂದಿದ್ದೆ?" ಅಂದರು. "ತಿಂದಿದ್ದಕ್ಕಲ್ಲ ರೀ, ಪಾರು ಕೈ ನೆನಪಾಯ್ತು" ಅಂದೆ. ಅವರು ಗಿರಾಕಿ ಬಂದರು ಅಂತ ನೆಪ ಹೇಳಿ ಒಳಗೆ ಹೋದರು.

ಪಾಪ, ಆ ಪಾರ್ಲರಿನವಳದು ಏನೂ ತಪ್ಪಿಲ್ಲ. ಆದರೆ "ಬರೀ ಬೆಳಕು" ಅನ್ನೋ ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಅದೇ ಮಾತು, ಅದೇ ನಗು ಇಟ್ಟುಕೊಂಡು ಒಬ್ಬ ಡಾಕ್ಟರು ನನ್ನ ತಂಗಿಯ ಎಡಗೈಯನ್ನು ಹಾಳು ಮಾಡಿದ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು. ಇದನ್ನ ಹೇಳುವಾಗ ಇನ್ನೂ ಜೋರಾಗುತ್ತೆ, ಓದೋರು ಸಹಿಸಿಕೊಳ್ಳಬೇಕು.

ಪಾರು ಅಂದರೆ ಪಾರ್ವತಿ, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ನಾವಿಬ್ಬರೂ ಹುಟ್ಟಿದ್ದು ಹಳೇಬೀಡಿನ ಪಕ್ಕ ಹುಲಿಕೆರೆಯಲ್ಲಿ. ನನ್ನನ್ನು ಬೇಲೂರಿಗೆ ಕೊಟ್ಟರು, ಅವಳನ್ನು ಅರಸೀಕೆರೆಗೆ. ಅವಳ ಮನೆಯವರು ಕೊಬ್ಬರಿ ವ್ಯಾಪಾರದವರು, ಊರಾಚೆ ಅವರದೇ ತೆಂಗಿನ ತೋಟ ಇದೆ. ಗಂಡ ಮಹೇಶಪ್ಪ ಒಳ್ಳೆಯವನೇ. ಆದರೆ ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ. ಅವನ ಕಿವಿಗೆ ಯಾರು ಕೊನೆಯಲ್ಲಿ ಮಾತಾಡಿದರೋ ಅವರೇ ಸರಿ.

ನಮ್ಮವರಲ್ಲಿ ಇಷ್ಟಲಿಂಗ ಕೊರಳಲ್ಲಿರುತ್ತೆ, ಪೂಜೆಗೆ ಎಡಗೈಗೆ ಬರುತ್ತೆ. ನಾನು ಪೂಜೆ ಮುಗಿಸೋದು ಒಲೆ ಮೇಲಿನ ಹಾಲು ಉಕ್ಕೋದರೊಳಗೆ. ಪಾರು ಹಾಗಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತರೆ, ಮನೆ ಮುಂದೆ ಬ್ಯಾಂಡ್ ಬಾರಿಸಿದರೂ ಏಳೋಳಲ್ಲ. ಚಿಕ್ಕವಳಿದ್ದಾಗ ದೀಕ್ಷೆ ಆದ ದಿನ ನಮ್ಮಪ್ಪ ಅವಳಿಗೆ, "ಕಣ್ಣು ಮುಚ್ಚಿದ್ರೂ ಅಂಗೈಲಿ ಅವನ ಭಾರ ಗೊತ್ತಾಗ್ತಿರ್ಬೇಕು ಕಣವ್ವ, ಅದೇ ಪೂಜೆ" ಅಂದಿದ್ದರು. ನನಗೂ ಅದೇ ಹೇಳಿದ್ದರು, ನಾನು ಮರೆತೆ, ಅವಳು ಮರೆಯಲಿಲ್ಲ. ಅತ್ತೆಯ ಹತ್ತಿರ ಬೈಸಿಕೊಂಡ ದಿನ, ಗಂಡನ ಜೊತೆ ಮಾತು ಬಿಟ್ಟ ದಿನ, ಮಗು ನಿಲ್ಲದೆ ಹೋದ ದಿನ, ಎಲ್ಲಕ್ಕೂ ಅವಳಿಗಿದ್ದದ್ದು ಆ ಅಂಗೈಯ ಭಾರ ಒಂದೇ.

ಕೈ ಹಾಳಾದ ಆ ವರ್ಷ, ಆಷಾಢದ ಕೊನೆಯಲ್ಲಿ ಅವರ ಮನೆ ಅಟ್ಟದಿಂದ ಕಾಯಿ ಇಳಿಸಿದ್ದರು. ಅರಸೀಕೆರೆ ಕಡೆ ಕಾಯಿಯನ್ನು ವರ್ಷದ ತನಕ ಅಟ್ಟದಲ್ಲಿ ಬಿಟ್ಟು, ಒಳಗಿನ ನೀರೆಲ್ಲ ಬತ್ತಿ ಗಿಟುಕಾದ ಮೇಲೆ ಇಳಿಸ್ತಾರೆ. ಆಮೇಲೆ ಸಿಪ್ಪೆ ಸುಲಿದು, ಎಡಗೈಯಲ್ಲಿ ಹಿಡಿದು, ಬಲಗೈ ಮಚ್ಚಲ್ಲಿ ಕರಟ ಮಾತ್ರ ಎಬ್ಬಿಸಬೇಕು, ಒಳಗಿನ ಕೊಬ್ಬರಿಗೆ ಗಾಯ ಆಗಬಾರದು. ಆಳುಗಳು ಇದ್ದರೂ ಪಾರು ತಾನೂ ಕೂರೋಳು. ಹೊರಗೆ ಸೋನೆ ಹಿಡಿದಿತ್ತಂತೆ, ಕೈಯೆಲ್ಲ ಒದ್ದೆ. ಮಚ್ಚು ಕರಟದ ಮೇಲಿಂದ ಜಾರಿ ಎಡಗೈ ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಒಳಮಗ್ಗುಲಿಗೆ ಬಿತ್ತು.

ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದರು. ಅಲ್ಲಿದ್ದ ಡಾಕ್ಟರು ರಕ್ತ ನಿಲ್ಲಿಸಿ, ಚರ್ಮಕ್ಕೆ ಹೊಲಿಗೆ ಹಾಕಿ, ಹತ್ತಿಯಿಂದ ಒಂದೊಂದು ಬೆರಳೂ ಮುಟ್ಟಿ ನೋಡಿದರಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಂಗೈ, ಯಾವುದಕ್ಕೂ ಗೊತ್ತಾಗಲಿಲ್ಲ. "ಒಳಗೆ ನರ ಕಡಿದು ಹೋಗಿದೆ. ಇದು ನಮ್ಮ ಕೈಲಾಗೋ ಕೆಲಸ ಅಲ್ಲ. ತಡ ಮಾಡ್ದೆ ದೊಡ್ಡಾಸ್ಪತ್ರೆಗೆ ಹೋಗಿ, ಸೂಕ್ಷ್ಮದರ್ಶಕ ಇಟ್ಕೊಂಡು ಹೊಲಿಯೋರು ಇರ್ತಾರೆ" ಅಂತ ಬಿಡಿಸಿ ಹೇಳಿದ್ದರು. ಆ ಪುಣ್ಯಾತ್ಮ ಸರಿಯಾಗೇ ಹೇಳಿದ್ದ, ಕೇಳಿಸಿಕೊಳ್ಳೋರು ಸರಿಯಿರಲಿಲ್ಲ.

ಸುದ್ದಿ ತಿಳಿದು ನಾವಿಬ್ಬರೂ ಮೊದಲ ಬಸ್ಸಿಗೇ ಹೊರಟೆವು. ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆ ತಲುಪೋವರೆಗೂ ಮಳೆ. ಮನೆಯಲ್ಲಿ ಆಗಲೇ ನ್ಯಾಯ ಪಂಚಾಯ್ತಿ ನಡೀತಿತ್ತು. ಪಾರು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅವಳನ್ನು ಬಿಟ್ಟು ಎಲ್ಲರೂ ಮಾತಾಡ್ತಿದ್ದರು.

"ಹಾಸನಕ್ಕೆ ಹೋದ್ರೆ ಕುಯ್ತಾರೆ, ಹೊಲೀತಾರೆ, ತಿಂಗಳುಗಟ್ಲೆ ಎಳೀತಾರೆ" ಅಂದ ಮಹೇಶಪ್ಪ. "ಈಗ ಅದೆಲ್ಲ ಹಳೇ ಕಾಲ ಅತ್ತಿಗೆ. ನರಕ್ಕೆ ಲೇಸರ್ ಬಂದೈತೆ."

"ಯಾರು ಹೇಳಿದ್ದು?"

"ಯಾರು ಅಂದ್ರೆ? ಭಾವನೋರೇ ಸಾಕ್ಷಿ ಇದಾರಲ್ಲ!"

ಭಾವನೋರು ಅಂದರೆ ನಮ್ಮ ಯಜಮಾನರು. ಅಂಗಡಿಯಲ್ಲಿ ದಿನವೆಲ್ಲ ನಿಂತು ನಿಂತು ಅವರ ಕಾಲಿನ ನರ ಹಾವಿನ ಥರ ಉಬ್ಬಿಕೊಂಡಿತ್ತು. ಹಿಂದಿನ ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಅದಕ್ಕೆ ಲೇಸರ್ ಮಾಡಿಸಿಕೊಂಡು, ಅದೇ ಸಂಜೆ ನಡಕೊಂಡು ಮನೆಗೆ ಬಂದಿದ್ದರು. ಅವತ್ತಿಂದ ಅವರು ಲೇಸರಿನ ಭಕ್ತರು. ಪಂಚೆ ಎತ್ತಿ ಕಾಲು ತೋರಿಸದೆ ಯಾವ ನೆಂಟರ ಮನೆಯಿಂದಲೂ ಎದ್ದು ಬರ್ತಿರಲಿಲ್ಲ. ಅವತ್ತೂ ಪಂಚೆ ಎತ್ತಿದರು. "ಪಾತ್ರೆ ತೂತಾದ್ರೆ ಬೆಸುಗೆ ಹಾಕಲ್ವಾ, ಹಂಗೇ ಕಣಪ್ಪ. ನರಕ್ಕೆ ಬೆಸುಗೆ ಹಾಕ್ತಾರೆ. ಒಂದು ಚುಕ್ಕೆ ಬೆಳಕು ಬಿಟ್ರು, ಮುಗೀತು" ಅಂದರು. ಪಾರುವಿನ ಅತ್ತೆ ನಂಜಮ್ಮನವರು ಕೈ ಮುಗಿದು "ದೇವರಂಥ ಡಾಕ್ಟ್ರು" ಅಂದುಬಿಟ್ಟರು. ಅವರು ಆ ಡಾಕ್ಟರ ಮುಖಾನೂ ನೋಡಿರಲಿಲ್ಲ.

ಇಲ್ಲೇ ಎಲ್ಲ ಕೆಟ್ಟದ್ದು. ನಮ್ಮ ಬಾಯಲ್ಲಿ ನರ ಅಂದರೆ ಏನೇನು ಅಂತ ನೋಡಿ. ಕಾಲಲ್ಲಿ ನೀಲಿಯಾಗಿ ಉಬ್ಬಿರೋದೂ ನರ. ಕೊರಳ ನರ ಉಬ್ಬಿಸಿ ಕೂಗಬೇಡ ಅಂತೀವಿ. ಇಂಜೆಕ್ಷನ್ ಚುಚ್ಚೋಕೆ ನರ ಸಿಗ್ತಿಲ್ಲ ಅಂತಾರೆ ನರ್ಸಮ್ಮ. ಕುತ್ತಿಗೆ ಹಿಡಿದುಕೊಂಡರೆ ನರ ಎಳೀತಿದೆ. ಸುಸ್ತಾದರೆ ನರ ಬಿಟ್ಟುಹೋಯ್ತು. ಕೈಗೆ ಜೀವ ತರೋದೂ ನರ, ಅದಕ್ಕೆ ಬೇರೆ ಹೆಸರೇ ಇಲ್ಲ. ರಕ್ತನಾಳ ಅನ್ನೋ ಪದ ಸ್ಕೂಲ್ ಪುಸ್ತಕದಲ್ಲಿದೆ, ಯಾರ ಮನೆ ಅಡುಗೆಮನೆಯಲ್ಲೂ ಇಲ್ಲ. ಅಷ್ಟು ಜನ ಕೂತು ನರ ನರ ಅಂತ ಮಾತಾಡಿದೆವು, ಒಬ್ಬೊಬ್ಬರೂ ಒಂದೊಂದನ್ನ ಹೇಳ್ತಿದ್ದೇವೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಪಾರುವನ್ನು ಅದೇ ನರ್ಸಿಂಗ್ ಹೋಮಿಗೆ ಕರಕೊಂಡು ಹೋದೆವು. ಅದರ ಹೆಸರು, ಊರು ಹೇಳೋಕೆ ಹೋಗಲ್ಲ. ಮುಂದುಗಡೆ ಆಳೆತ್ತರದ ಫ್ಲೆಕ್ಸು: ನರಗಳಿಗೆ ಲೇಸರ್ ಚಿಕಿತ್ಸೆ, ಕೊಯ್ತವಿಲ್ಲ, ಹೊಲಿಗೆಯಿಲ್ಲ, ನೋವಿಲ್ಲ. ಡಾಕ್ಟರು ದಷ್ಟಪುಷ್ಟವಾಗಿ, ಸೆಂಟು ಹಾಕಿಕೊಂಡು ಗಮಗಮ ಅಂತಿದ್ದ. ಅವನಿಗೆ ಬಹುವಚನ ಹಾಕೋಕೆ ನನಗೆ ಮನಸ್ಸು ಬರಲ್ಲ. ಪಾರು ಕೈಯನ್ನು ಸರಿಯಾಗಿ ಮುಟ್ಟಿ ಕೂಡ ನೋಡಲಿಲ್ಲ. ಯಜಮಾನರ ಕಡೆ ತಿರುಗಿ, "ಏನ್ ಸಾಹುಕಾರ್ರೇ, ಕಾಲು ಹೇಗಿದೆ?" ಅಂತ ಕೇಳಿದ. ಇವರು ಪಂಚೆ ಎತ್ತಿದರು.

ನಾನು ಸುಮ್ಮನಿರಲಿಲ್ಲ. "ಡಾಕ್ಟ್ರೇ, ಇವರದು ಕಾಲಲ್ಲಿ ಉಬ್ಬಿದ್ದು. ಇವಳದು ಕೈಯಲ್ಲಿ ಕಡಿದು ಹೋಗಿರೋದು. ಎರಡೂ ಒಂದೇನಾ?" ಅಂತ ಕೇಳಿದೆ.

"ನರ ನರಾನೇ ಅಮ್ಮ. ಕಾಲಿಂದೊಂದು ಜಾತಿ, ಕೈದೊಂದು ಜಾತಿ ಅಂತ ಇರುತ್ತಾ?" ಅಂದ. ಮಹೇಶಪ್ಪ ನಕ್ಕ. ಯಜಮಾನರು ನಕ್ಕರು. ಬಾಗಿಲಲ್ಲಿ ನಿಂತಿದ್ದ ನರ್ಸೂ ನಕ್ಕಳು.

"ಲೇಸರಿಂದ ಏನೂ ಅಪಾಯ ಇಲ್ವಾ?"

"ಬರೀ ಬೆಳಕಮ್ಮ! ಟಾರ್ಚ್ ಬಿಟ್ರೆ ಅಪಾಯ ಆಗುತ್ತಾ?"

ಆಮೇಲೆ ಎಷ್ಟು ಸಲ ಈ ಮಾತು ನೆನೆಸಿಕೊಂಡು ನನ್ನ ಹಲ್ಲು ಕಡಿದುಕೊಂಡಿದ್ದೀನೋ. ನಮಗೆ ಗೊತ್ತಿರಲಿಲ್ಲ, ಸರಿ. ಅವನಿಗೆ ಗೊತ್ತಿತ್ತು! ಅವನು ಓದಿದ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ. ನಮ್ಮ ಬಾಯಲ್ಲಿ ಎರಡೂ ಒಂದೇ ಅಂತ ಗೊತ್ತಿದ್ದೇ ಆ ಫ್ಲೆಕ್ಸು ಬರೆಸಿದ್ದು. ಥೂ!

ಹಾಕಿದ್ದ ಹೊಲಿಗೆ ಬಿಚ್ಚಿ ಒಳಗೆ ಬೆಳಕು ಬಿಡ್ತೀವಿ ಅಂತ ಹೇಳಿ, ಕೈಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಅವಳನ್ನು ಒಳಗೆ ಕರಕೊಂಡು ಹೋದರು. ನಾನು ಬಾಗಿಲ ಹೊರಗಿನ ಬೆಂಚಲ್ಲಿ ಕೂತೆ. ಬಾಗಿಲಿಗೆ ಚಿಲಕ ಸರಿಯಿರಲಿಲ್ಲ, ಗಾಳಿಗೆ ಒಂದಿಷ್ಟು ತೆರೆದುಕೊಳ್ತಿತ್ತು. ಆ ಸಂದಿಯಲ್ಲಿ ಅವನು ಹಸಿರು ಕನ್ನಡಕ ಹಾಕಿಕೊಂಡು ಬಗ್ಗಿರೋದು ಕಾಣ್ತು. ಕನ್ನಡಕ ಅವನಿಗೊಬ್ಬನಿಗೇ. ನರ್ಸು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ನಿಂತಿದ್ದಳು. ಪಾರುಗೆ "ಕಣ್ಣು ಮುಚ್ಕೊಳ್ಳಮ್ಮ" ಅಂದ, ಅಷ್ಟೇ. ಬರೀ ಬೆಳಕಾದರೆ ಇವನಿಗೆ ಕನ್ನಡಕ ಯಾಕೆ, ಅವಳು ಗೋಡೆ ಯಾಕೆ ನೋಡ್ತಾಳೆ ಅಂತ ನಾನು ಏಳೋದರೊಳಗೆ ಚಿಟಚಿಟ ಅಂತ ಸಣ್ಣ ಸದ್ದು ಬಂತು. ಅದರ ಹಿಂದೆಯೇ ವಾಸನೆ.

ನಮ್ಮದು ಮಾಂಸ ಮುಟ್ಟದ ಮನೆತನ. ಮಾಂಸ ಸುಟ್ಟ ವಾಸನೆ ಬಂದರೆ ಸೆರಗಲ್ಲಿ ಮೂಗು ಮುಚ್ಚಿಕೊಂಡು ರಸ್ತೆ ದಾಟೋರು ನಾವು. ಆ ವಾಸನೆ ಬಾಗಿಲ ಸಂದಿಯಿಂದ ಬಂದು ನನ್ನ ಸೀರೆಗೆ ಅಂಟಿಕೊಂಡಿತು. ಅದು ನನ್ನ ಒಡಹುಟ್ಟಿದವಳದು. ನಾನು ಬಾಗಿಲು ತಳ್ಳಿ "ಏನ್ ಸುಡ್ತಿದೀರಾ ಒಳಗೆ?" ಅಂತ ಕೂಗಿದೆ. ನರ್ಸು ಓಡಿ ಬಂದು ನನ್ನ ಮುಖಕ್ಕೇ ಬಾಗಿಲು ಒತ್ತಿ ಹಿಡಿದಳು. ಮಹೇಶಪ್ಪ ನನ್ನ ರಟ್ಟೆ ಹಿಡಿದು "ಸುಮ್ನಿರಿ ಅತ್ತಿಗೆ, ಡಾಕ್ಟ್ರು ಬೇಜಾರ್ ಮಾಡ್ಕೋತಾರೆ" ಅಂದ. ಹೆಂಡತಿ ಕೈ ಬೇಯ್ತಿದೆ, ಇವನಿಗೆ ಡಾಕ್ಟರ ಬೇಜಾರಿನ ಚಿಂತೆ.

ಹೊರಗೆ ಬಂದಾಗ ಪಾರು ಮುಖ ಬಿಳಿಚಿಕೊಂಡಿತ್ತು. ಕಾರಿನಲ್ಲಿ ನನ್ನ ಭುಜಕ್ಕೆ ಒರಗಿ ಮೆಲ್ಲಗೆ ಹೇಳಿದಳು: "ನೋವೇನೂ ಆಗ್ಲಿಲ್ಲ ಅಕ್ಕ. ಆದ್ರೆ ನನ್ನ ಕೈ ಬೇಯೋ ವಾಸನೆ ನಂಗೇ ಬಂತು. ಯಾರ್ದೋ ಅಂದ್ಕೊಂಡೆ ಮೊದ್ಲು." ನಾನು ಅವಳ ತಲೆ ಸವರಿದೆ.

ಶ್ರಾವಣ ಬಂತು. ಅರಸೀಕೆರೆಯಲ್ಲಿ ಮಳೆ ಅನ್ನೋದು ಬೇಲೂರಿನ ಹಾಗೆ ಸುರಿಯಲ್ಲ, ಒಂದು ಗಳಿಗೆ ಹನಿಯುತ್ತೆ, ಒಂದು ಗಳಿಗೆ ಬಿಸಿಲು. ಅಂಗಳದಲ್ಲಿ ಹರಡಿದ ಗಿಟುಕನ್ನು ದಿನವೆಲ್ಲ ಒಳಗೆ ಹೊರಗೆ ಮಾಡೋದೇ ಕೆಲಸ. ನಾನು ಸೋಮವಾರ ಸೋಮವಾರ ಬಸ್ಸು ಹತ್ತಿ ಹೋಗ್ತಿದ್ದೆ. ಪ್ರತಿ ಸಲವೂ ಅದೇ ಕಥೆ. ಡಾಕ್ಟರ ಹತ್ತಿರ ಹೋದರಂತೆ, "ಒಳಗೆ ನರ ಬೆಳೀತಿದೆ" ಅಂದನಂತೆ, ವಿಟಮಿನ್ ಮಾತ್ರೆ ಬರೆದನಂತೆ. ಹೆಬ್ಬೆರಳು ಮಾತ್ರ ಮಡಚಿಕೊಂಡು ಬೇರೆ ಬೆರಳ ಹತ್ತಿರ ಬರ್ತಿರಲಿಲ್ಲ. ಹೆಬ್ಬೆರಳ ಬುಡದ ಮಾಂಸ ದಿನೇ ದಿನೇ ಇಳಿದು ಹಳ್ಳ ಬಿದ್ದಿತ್ತು. ಒಂದು ದಿನ ತೋರುಬೆರಳ ತುದಿಯಲ್ಲಿ ಬೊಬ್ಬೆ ನೋಡಿ ಇದೇನೇ ಅಂದೆ. "ದೋಸೆ ಹಂಚು ಮುಟ್ಟಿದ್ನೇನೋ ಅಕ್ಕ, ಗೊತ್ತಾಗ್ಲಿಲ್ಲ" ಅಂದಳು. ನಂಜಮ್ಮನವರು ಪಕ್ಕದಿಂದ "ಜ್ಞಾನ ಎಲ್ಲಿರ್ತದೋ ಏನೋ" ಅಂದರು. ನನ್ನ ನಾಲಿಗೆ ತುದಿಗೆ ಬಂದದ್ದನ್ನ ಪಾರು ಮುಖ ನೋಡಿ ನುಂಗಿಕೊಂಡೆ.

ಶ್ರಾವಣದ ಮೂರನೇ ಸೋಮವಾರ. ನಾನು ಹೋದಾಗ ಅವಳು ದೇವರ ಕೋಣೆಯಲ್ಲಿ ಪೂಜೆಗೆ ಕೂತಿದ್ದಳು. ಸದ್ದು ಮಾಡದೆ ಬಾಗಿಲಲ್ಲೇ ಕೂತೆ. ಕಣ್ಣು ಮುಚ್ಚಿದ್ದಳು, ತುಟಿ ಆಡ್ತಿತ್ತು, ಎಡಗೈ ಎದೆಮಟ್ಟಕ್ಕೆ ಚಾಚಿತ್ತು. ಅಂಗೈ ಮೇಲೆ ಎರಡು ಬಿಲ್ವಪತ್ರೆ ಮಾತ್ರ ಇತ್ತು. ಲಿಂಗ ಇರಲಿಲ್ಲ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಬರದೆ ಅತ್ತಿತ್ತ ನೋಡಿದರೆ, ಅದು ಅವಳ ಮಡಿಲಿಂದ ಜಾರಿ ನೆಲದ ಮೇಲೆ ಮಣೆ ಪಕ್ಕದಲ್ಲಿ ಬಿದ್ದಿತ್ತು. ಅವಳಿಗೆ ಗೊತ್ತೇ ಇಲ್ಲ. ಖಾಲಿ ಕೈಗೆ ಪೂಜೆ ನಡೀತಿತ್ತು.

ನಮ್ಮವರಲ್ಲದವರಿಗೆ ಇದು ಅರ್ಥ ಆಗಲಿಕ್ಕಿಲ್ಲ. ಲಿಂಗ ಮೈಯಿಂದ ಬೇರೆಯಾದರೆ ಪ್ರಾಣವೇ ಹೋದಂತೆ ಅನ್ನೋ ಮಾತು ಕೇಳಿಕೊಂಡು ಬೆಳೆದವರು ನಾವು. ಹೇಗೆ ಕರೀಲಿ ಅವಳನ್ನು? ಕರೆಯದೆ ಹೇಗಿರಲಿ? ನಾನು ಎದ್ದು ತೆಗೆದು ಮೆಲ್ಲಗೆ ಅವಳ ಅಂಗೈ ಮೇಲಿಟ್ಟುಬಿಡೋಣ, ಹೇಗೂ ಗೊತ್ತಾಗಲ್ಲ ಅಂದುಕೊಂಡೆ. ಅಷ್ಟರಲ್ಲಿ ನಂಜಮ್ಮನವರು ಹಿಂದಿನಿಂದ ಬಂದು "ಅಯ್ಯೋ ಶಿವನೇ! ಲಿಂಗ ನೆಲದ ಪಾಲಾಯ್ತಲ್ಲೇ, ಮನೆ ಹಾಳಾಯ್ತಲ್ಲೇ!" ಅಂತ ಬಾಯಿ ಬಡಕೊಂಡರು. ಪಾರು ಕಣ್ಣು ಬಿಟ್ಟಳು. ತನ್ನ ಅಂಗೈ ನೋಡಿಕೊಂಡಳು. ಆ ಮುಖ ನಾನು ಸಾಯೋವರೆಗೂ ಮರೆಯಲ್ಲ.

ಅವತ್ತಿಂದ ನಂಜಮ್ಮನವರು ಅವಳ ಕೈಯಿಂದ ನೀರೂ ಮುಟ್ಟಲಿಲ್ಲ. ಮಠಕ್ಕೆ ಕರಕೊಂಡು ಹೋದರು. ಅಲ್ಲಿನ ಸ್ವಾಮಿಗಳು ದೊಡ್ಡವರು. "ಕೈಗೆ ಪೆಟ್ಟಾಗಿದೆ, ತಪ್ಪೇನು ಬಂತು? ಬಲಗೈಲಿ ಇಟ್ಟುಕೊಳ್ಳವ್ವ, ಶಿವನಿಗೆ ಎಡ ಬಲ ಇಲ್ಲ" ಅಂದರಂತೆ. ಅತ್ತೆ ಅದನ್ನೂ ಕೇಳಲಿಲ್ಲ, ಪಾರೂ ಕೇಳಲಿಲ್ಲ. ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡವಳು ಮತ್ತೆ ತೆಗೆಯಲಿಲ್ಲ. ಊಟ ಅರ್ಧಕ್ಕೆ ಇಳೀತು, ಮಾತು ಅದಕ್ಕಿಂತ ಕಮ್ಮಿ ಆಯ್ತು. "ಅವನು ನನ್ನ ಕೈಲಿರೋಕೆ ಒಪ್ತಿಲ್ಲ ಅಕ್ಕ" ಅಂದಳು ಒಂದು ದಿನ. "ಅವನಲ್ಲ ಕಣೇ ಒಪ್ಪದೇ ಇರೋದು, ಆ ಮನೆಹಾಳ ಡಾಕ್ಟರು ನಿನ್ನ ಕೈ ಸುಟ್ಟಿದಾನೆ" ಅಂತ ನಾನು ಕಿರುಚಿದೆ. ಯಾರನ್ನೂ ಕೇಳಲಿಲ್ಲ. ಅವಳ ಎರಡು ಸೀರೆ ಚೀಲಕ್ಕೆ ತುರುಕಿ, ಬಸ್ಸು ಹತ್ತಿಸಿ ಹಾಸನಕ್ಕೆ ಕರಕೊಂಡು ಹೋದೆ.

ಅಲ್ಲಿ ಕೈಯ ಆಪರೇಷನ್ನೇ ಮಾಡೋ ಒಬ್ಬ ಡಾಕ್ಟರಮ್ಮ ಸಿಕ್ಕಿದರು. ಸಣ್ಣ ವಯಸ್ಸು, ಮುಖದಲ್ಲಿ ನಗುವೇ ಇಲ್ಲ. ನನಗೆ ಅದೇ ಹಿಡಿಸಿತು, ಸೆಂಟು ಹಾಕಿಕೊಂಡು ನಗೋರನ್ನ ನೋಡಿ ಸಾಕಾಗಿತ್ತು. ಪಾರು ಕಣ್ಣು ಮುಚ್ಚಿಸಿ ಒಂದೊಂದೇ ಬೆರಳು ಮುಟ್ಟಿ ಕೇಳಿದರು. ಲೇಸರ್ ಅಂದ ಕೂಡಲೇ ಕೈ ಬಿಟ್ಟು ನನ್ನ ಮುಖ ನೋಡಿದರು.

"ಯಾವ ಲೇಸರ್? ಎಷ್ಟು ಶಾಖ ಕೊಟ್ರು? ಏನಾದ್ರೂ ಹೇಳಿದ್ರಾ?"

"ನಮ್ಮ ಯಜಮಾನ್ರ ಕಾಲಿನ ನರಕ್ಕೆ ಮಾಡಿದ್ರಲ್ಲಮ್ಮ, ಅದೇ ಮಿಷನ್ನು."

ಅವರು ಹಣೆ ಒತ್ತಿಕೊಂಡರು. "ಅದು ನರ ಅಲ್ಲಮ್ಮ, ರಕ್ತ ಹರಿಯೋ ನಾಳ. ಕೆಟ್ಟುಹೋದ ನಾಳನ ಒಳಗಿಂದ ಸುಟ್ಟು ಮುಚ್ಚಿಬಿಡೋದೇ ಅಲ್ಲಿ ಚಿಕಿತ್ಸೆ. ಅಲ್ಲಿ ಸುಡ್ಲೇಬೇಕು, ಸರಿಯಾಗೇ ಮಾಡಿದಾರೆ. ಇದು ಕೈಗೂ ಮೆದುಳಿಗೂ ಸುದ್ದಿ ಒಯ್ಯೋ ನರ. ಒಳಗೆ ಕೂದಲಿಗಿಂತ ಸಣ್ಣ ಸಾವಿರಾರು ಎಳೆ ಇರ್ತವೆ. ಇದನ್ನ ಸುಡಬಾರದು."

"ಹಾಗಾದ್ರೆ ಲೇಸರಲ್ಲಿ ನರ ಜೋಡಿಸೋದು ಅನ್ನೋದೇ ಸುಳ್ಳಾ?"

"ಸುಳ್ಳಲ್ಲ. ಪ್ರಯೋಗ ಮಾಡೋರಿದ್ದಾರೆ. ತೀರ ಕಮ್ಮಿ ಶಾಖದಲ್ಲಿ ಮೇಲಿನ ಪೊರೆ ಮಾತ್ರ ಅಂಟಿಸೋಕೆ ನೋಡ್ತಾರೆ. ಶಾಖ ಸ್ವಲ್ಪ ಕಮ್ಮಿಯಾದ್ರೆ ಅಂಟಿದ್ದು ಬಿಟ್ಟೋಗುತ್ತೆ, ಸ್ವಲ್ಪ ಹೆಚ್ಚಾದ್ರೆ ಒಳಗಿನ ಎಳೆ ಬೆಂದೋಗುತ್ತೆ. ಅದು ಇನ್ನೂ ಕಲೀತಿರೋ ವಿದ್ಯೆ. ಕೈಯಲ್ಲಿ ಹೊಲಿಯೋದೇ ಇವತ್ತಿಗೂ ನಂಬೋ ದಾರಿ." ಆಮೇಲೆ ಪಾರು ಕಡೆ ತಿರುಗಿ, "ಆ ದಿನ ಕಣ್ಣಿಗೆ ಏನಾದ್ರೂ ಕಟ್ಟಿದ್ರಾ?" ಅಂದರು.

"ಕಣ್ಣು ಮುಚ್ಕೋ ಅಂದ್ರು."

"ರೆಪ್ಪೆ ಮುಚ್ಚಿದ್ರೆ ಸಾಲದು. ಆ ಬೆಳಕು ಎಲ್ಲಿಗಾದ್ರೂ ತಾಗಿ ವಾಪಸ್ ಬಂದ್ರೆ ಕಣ್ಣೇ ಹೋಗುತ್ತೆ. ಕೋಣೆಲಿ ಇರೋ ಪ್ರತಿಯೊಬ್ಬರಿಗೂ ಕನ್ನಡಕ ಬೇಕು. ಬಾಗಿಲು ಹಾಕಿರ್ಬೇಕು. ಹೊಗೆ ಎಳೆಯೋ ವ್ಯವಸ್ಥೆ ಇರ್ಬೇಕು. ಸುತ್ತ ಒದ್ದೆ ಬಟ್ಟೆ ಹಾಸಿರ್ಬೇಕು." ಡಾಕ್ಟರಮ್ಮ ಹೇಳ್ತಾ ಹೋದ ಹಾಗೆ ನಾನು ಆ ಚಿಲಕವಿಲ್ಲದ ಬಾಗಿಲು, ಗೋಡೆಗೆ ಮುಖ ಮಾಡಿದ ನರ್ಸು, ಒಂದೇ ಒಂದು ಕನ್ನಡಕ, ಎಲ್ಲ ಜ್ಞಾಪಿಸಿಕೊಂಡು ಕೂತೆ. ಪಾರು ಕಣ್ಣು ಪರೀಕ್ಷೆ ಮಾಡಿಸಿದೆವು. ಅದೊಂದು ಉಳಿದಿತ್ತು.

ಮತ್ತೆ ಕೈ ತೆರೆದರು. ಬೆಂದು ಗಂಟಾಗಿದ್ದ ತುದಿಗಳನ್ನು ಎರಡೂ ಕಡೆ ಕತ್ತರಿಸಿ ತೆಗೀಬೇಕಾಯ್ತು. ಮೊದಲೇ ಬಂದಿದ್ದರೆ ತುದಿಗೆ ತುದಿ ಸೇರಿಸಿ ಹೊಲಿಯಬಹುದಿತ್ತಂತೆ. ಈಗ ನಡುವೆ ಅಂತರ ಬಿತ್ತು. ಅದಕ್ಕೆ ಕಾಲಿನ ಮೀನಖಂಡದಿಂದ ಒಂದು ತುಂಡು ನರ ತೆಗೆದು ನಡುವೆ ಕೂಡಿಸಿ ಹೊಲಿದರು. ಇದಕ್ಕೆ ಬದಲಿಗೆ ಪಾದದ ಅಂಚು ಅವಳಿಗೆ ಜೀವನ ಪೂರ್ತಿ ಮರಗಟ್ಟಿರುತ್ತೆ. "ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಹೇಳಲ್ಲ. ನರ ತುಂಬ ನಿಧಾನಕ್ಕೆ ಬೆಳೆಯುತ್ತೆ. ಏನು ಬರುತ್ತೋ ಕಾಯೋಣ" ಅಂದರು ಡಾಕ್ಟರಮ್ಮ. ಆ ವರ್ಷದಲ್ಲಿ ನಾನು ಕೇಳಿದ ಒಂದೇ ಒಂದು ನೆಟ್ಟಗಿನ ಮಾತು ಅದು.

ವಾಪಸ್ಸು ಬಂದ ವಾರವೇ ನಾನೊಬ್ಬಳೇ ಆ ನರ್ಸಿಂಗ್ ಹೋಮಿಗೆ ಹೋದೆ. ಕೂರಿಸಿದ, ಕಾಫಿ ತರಿಸಿದ. ಹೇಳಿದ್ದನ್ನೆಲ್ಲ ತಲೆಯಾಡಿಸಿಕೊಂಡು ಕೇಳಿದ. ಆಮೇಲೆ ಅಂದ: "ನಾವು ಬಿಟ್ಟಿದ್ದು ಬರೀ ಬೆಳಕಮ್ಮ. ಕೆಲವರ ಮೈಗೆ ಒಗ್ಗಲ್ಲ. ನಿಮ್ಮ ತಂಗಿಯವರದು ಸ್ವಲ್ಪ ಉಷ್ಣದ ಮೈ ಅನ್ಸುತ್ತೆ."

ಉಷ್ಣದ ಮೈ! ಮಾಂಸ ಬೇಯಿಸಿ, ಬೆಂದದ್ದು ಅವಳ ಮೈಯ ತಪ್ಪು ಅಂತಾನೆ. ಅಷ್ಟು ಸಾಲದು ಅಂತ ನಗ್ತಾ "ಸಾಹುಕಾರ್ರ ಕಾಲು ಹೇಗಿದೆ?" ಅಂದ. ನಾನು ಎದ್ದು ನಿಂತು ಆ ಕಾಫಿ ಲೋಟಕ್ಕೆ ಥೂ ಅಂತ ಉಗಿದೆ. ಮಾತಿಗೆ ಹೇಳ್ತಿಲ್ಲ, ನಿಜವಾಗಲೂ ಉಗಿದೆ. ನರ್ಸು ಬಂದು "ಹೋಗ್ರಮ್ಮ, ಹೋಗಿ" ಅಂದಳು. ಈ ಸಲ ಅವಳು ಗೋಡೆ ನೋಡ್ತಿರಲಿಲ್ಲ, ನೆಲ ನೋಡ್ತಿದ್ದಳು.

ದೂರು ಕೊಡೋಣ ಅಂದೆ. ಮಹೇಶಪ್ಪ "ಬೇಡಿ ಅತ್ತಿಗೆ, ನಾಳೆ ಇನ್ನೊಂದು ಕಾಯಿಲೆ ಬಂದ್ರೆ ಎಲ್ಲಿಗೆ ಹೋಗೋದು?" ಅಂದ. ಅದೇ ಡಾಕ್ಟರ ಹತ್ತಿರ ಮತ್ತೆ ಹೋಗೋ ಯೋಚನೆ ಇವನಿಗೆ! ಯಜಮಾನರು ಮಾತ್ರ "ನಾನೂ ಬಂದು ಹೇಳ್ತೀನಿ" ಅಂದರು. ಅವತ್ತಿಂದ ಅವರು ಯಾರ ಮುಂದೆಯೂ ಪಂಚೆ ಎತ್ತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಕೊನೆಗೆ ಬೇಡ ಅಂದವಳು ಪಾರುವೇ. "ಅಕ್ಕ, ನಂಗೆ ಜಗಳ ಬೇಡ. ನಂಗೆ ನನ್ನ ಕೈ ಬೇಕು" ಅಂದಳು. ಕೈ ಅವಳದು, ನಾನು ಬಾಯಿ ಮುಚ್ಚಿಕೊಂಡೆ. ಆ ಫ್ಲೆಕ್ಸು ಆಮೇಲೂ ಅಲ್ಲೇ ಇತ್ತು, ಬಿಸಿಲಿಗೆ ಬಣ್ಣ ಹೋದಾಗ ಹೊಸದು ಹಾಕಿಸಿದರು.

ಕಾರ್ತೀಕ ಕಳೀತು, ಶಿವರಾತ್ರಿ ಕಳೀತು. ಪಾರು ದಿನಾ ಬೆಳಿಗ್ಗೆ ಬಟ್ಟಲಲ್ಲಿ ರಾಗಿ ಕಾಳು ಹಾಕಿಕೊಂಡು, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಎಡಗೈ ಬೆರಳು ಆಡಿಸ್ತಾ ಕೂರ್ತಿದ್ದಳು. ಮುಂಗಾರು ಶುರುವಾಗೋ ಹೊತ್ತಿಗೆ ಹೆಬ್ಬೆರಳು ಅರೆಬರೆ ತಿರುಗೋಕೆ ಶುರುವಾಯ್ತು. ಒಂದು ಮದುವೆ ಮನೆಯಲ್ಲಿ ಮಹೇಶಪ್ಪ ಯಾರ ಹತ್ತಿರವೋ ಹೇಳ್ತಿದ್ದ: "ಲೇಸರ್ ಮಾಡ್ಸಿದ್ವಿ ಕಣ್ರೀ, ಆಮೇಲೆ ಹಾಸನದಲ್ಲಿ ಒಂಚೂರು ರಿಪೇರಿ ಆಯ್ತು. ಈಗ ಪರವಾಗಿಲ್ಲ." ನಾನು ಎಲೆ ಮುಂದಿಂದ ಎದ್ದುಬಿಟ್ಟೆ. ಹೋಳಿಗೆ ಬಡಿಸಿದ್ದರು, ಮುಟ್ಟೋಕೂ ಮನಸ್ಸಾಗಲಿಲ್ಲ.

ಮತ್ತೆ ಶ್ರಾವಣ ಬಂತು. ಮೊದಲ ಸೋಮವಾರ ನಾನು ಹೋದಾಗ ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟು ಪಾರು ಮಣೆ ಹಾಕಿಕೊಂಡು ಕೂತಿದ್ದಳು. ಎಡಗೈ ಮೇಲೆ ಲಿಂಗ ಇತ್ತು. ಬಲಗೈಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು, ಜಾರಿದರೆ ಹಿಡಿಯೋಕೆ ಇರಬೇಕು. ಉದ್ಧರಣೆಯಲ್ಲಿ ತಣ್ಣೀರು ತಗೊಂಡು ಲಿಂಗದ ಮೇಲೆ ಬಿಟ್ಟಳು. ನೀರು ಅಂಗೈಗೆ ಇಳಿದ ಕೂಡಲೇ ಅವಳ ಮುಖ ಕಿವುಚಿಕೊಂಡಿತು, ಭುಜ ನಡುಗಿತು. ಕೈ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಸಲ ಬಿಟ್ಟಳು.

ನನಗೆ ತಡೆಯೋಕಾಗಲಿಲ್ಲ. "ಏನಾಗ್ತಿದೆಯೇ ಪಾರು?"

ಕಣ್ಣು ಬಿಡದೆ ಹೇಳಿದಳು. "ತಣ್ಣೀರು ಬಿದ್ರೆ ಸುಡ್ತೈತೆ ಅಕ್ಕ. ಕೆಂಡ ಇಟ್ಟಂಗಾಯ್ತದೆ. ಕೆಟ್ಟು ಬೆಳೆದ ನರ ಹಂಗೇ ಅಂದ್ರು ಡಾಕ್ಟ್ರಮ್ಮ. ತಣ್ಣಗಿರೋದು ಬಿಸಿ ಅಂತ ಸುದ್ದಿ ಕೊಡ್ತದಂತೆ."

"ಹಾಗಾದ್ರೆ ಬಿಡೇ, ಬಲಗೈಲಿ ಇಟ್ಕೋ. ಸ್ವಾಮಿಗಳೇ ಹೇಳಿದಾರಲ್ಲ. ಇಲ್ಲಾಂದ್ರೆ ಬೆಚ್ಚಗಿರೋ ನೀರಾದ್ರೂ ಹಾಕು."

"ಬೆಚ್ಚಗಿರೋದು ಹಾಕಿದ್ರೆ ಏನೂ ಗೊತ್ತಾಗಲ್ಲ" ಅಂದಳು. ಇನ್ನೊಂದು ಉದ್ಧರಣೆ ನೀರು ಬಿಟ್ಟುಕೊಂಡಳು, ಹಲ್ಲು ಕಚ್ಚಿ ಉಸಿರೆಳೆದಳು. "ಸುಟ್ರೆ ಐತೆ ಅಂತ ಗೊತ್ತಾಗ್ತದಲ್ಲ ಅಕ್ಕ. ಅಷ್ಟು ಸಾಕು ನಂಗೆ."

ಅವಳಿಗೆ ಸಾಕಾಯ್ತು. ನನಗೆ ಇವತ್ತಿಗೂ ಸಾಕಾಗಿಲ್ಲ.